ಹಾಳೆಯ ಮೇಲೆ 60, ಬೆಂಚಿನ ಮೇಲೆ 180: ಕೆಲಸ ಮಾಡಿ ಬಂದವರು ತರಗತಿಗೆ ತರುವುದೇನು?

ಸಹಕಾರಿ ಬ್ಯಾಂಕೊಂದರ ಸಾಲದ ವಿಭಾಗದಲ್ಲಿ ಏಳು ವರ್ಷ ಕೆಲಸ ಮಾಡಿದ ಮೇಲೆ ನಾನು ಎಂಬಿಎ ಸೇರಿದೆ. ಹುಬ್ಬಳ್ಳಿಯಲ್ಲಿ, ವಾರದ ಕೊನೆಗೆ ನಡೆಯುವ ತರಗತಿ. ಶನಿವಾರ ಮಧ್ಯಾಹ್ನ ಬ್ಯಾಂಕಿನಿಂದ ನೇರ ಕ್ಲಾಸಿಗೆ ಹೋಗುತ್ತಿದ್ದೆ. ಭಾನುವಾರ ಇಡೀ ದಿನ ಅಲ್ಲೇ. ತರಗತಿಯಲ್ಲಿ ಎಲ್ಲ ಥರದವರೂ ಇದ್ದರು. ತಾಲೂಕು ಆಸ್ಪತ್ರೆಯ ಸ್ಟಾಫ್ ನರ್ಸ್ ಒಬ್ಬರು, ಬಸ್ ಡಿಪೋದ ಟ್ರಾಫಿಕ್ ಕಂಟ್ರೋಲರ್ ಒಬ್ಬರು, ಹಾಲು ಒಕ್ಕೂಟದವರೊಬ್ಬರು, ಸಾಫ್ಟ್‌ವೇರ್‌ನವರು ನಾಲ್ಕೈದು ಜನ, ಆಗಷ್ಟೇ ಬಿ.ಕಾಂ. ಮುಗಿಸಿ ಬಂದ ಹುಡುಗ ಹುಡುಗಿಯರು.

ಎರಡನೇ ಸೆಮಿಸ್ಟರಿನಲ್ಲಿ ಒಂದು ಕೇಸ್ ಬಂತು. ಕೇಸ್ ಅಂದರೆ ಒಂದು ಸಂಸ್ಥೆಗೆ ಎದುರಾದ ಸಮಸ್ಯೆಯನ್ನು ಕೆಲವು ಪುಟಗಳಲ್ಲಿ ಬರೆದು ಕೊಡುವುದು. ಉತ್ತರ ಅದರಲ್ಲಿ ಇರುವುದಿಲ್ಲ. ನೀವೇ ಆ ಸಂಸ್ಥೆಯ ಮುಖ್ಯಸ್ಥರಾಗಿದ್ದರೆ ಏನು ಮಾಡುತ್ತಿದ್ದಿರಿ ಅಂತ ತರಗತಿಯಲ್ಲಿ ವಾದ ನಡೆಯಬೇಕು. ಅವತ್ತಿನ ಕೇಸ್ ಒಂದು ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದ್ದು. ಗಂಟೆಗೆ ಸರಾಸರಿ 40 ರೋಗಿಗಳು ಬರುತ್ತಾರೆ. ಚೀಟಿ ಮಾಡಿಸಿ, ಡಾಕ್ಟರಿಗೆ ತೋರಿಸಿ, ಮಾತ್ರೆ ತಗೊಂಡು ಹೊರಗೆ ಹೋಗಲು ಒಬ್ಬರಿಗೆ ಒಂದೂವರೆ ಗಂಟೆ. ಇಬ್ಬರು ಡಾಕ್ಟರು, ತಲಾ ಗಂಟೆಗೆ 25 ರೋಗಿಗಳನ್ನು ನೋಡಬಲ್ಲರು. 60 ಜನ ಕೂರುವಷ್ಟು ಬೆಂಚುಗಳಿವೆ. ಆದರೂ ದಿನಾ ನೂಕುನುಗ್ಗಲು. ಯಾಕೆ?

ಇಂಥ ಲೆಕ್ಕಕ್ಕೆ ಒಂದು ಸರಳವಾದ ಸೂತ್ರವಿದೆ. ಅದಕ್ಕೆ ಲಿಟಲ್ ನಿಯಮ ಎನ್ನುತ್ತಾರೆ. ಜಾನ್ ಲಿಟಲ್ ಎಂಬ ಅಮೆರಿಕದ ವಿದ್ವಾಂಸರು 1961ರಲ್ಲಿ ಅದನ್ನು ಗಣಿತದ ಮೂಲಕ ಸಾಬೀತು ಮಾಡಿದರು. ಗಂಟೆಗೆ ಎಷ್ಟು ಜನ ಬರುತ್ತಾರೆ, ಒಬ್ಬೊಬ್ಬರು ಎಷ್ಟು ಹೊತ್ತು ಇರುತ್ತಾರೆ, ಈ ಎರಡನ್ನೂ ಗುಣಿಸಿದರೆ ಯಾವುದೇ ಹೊತ್ತಿನಲ್ಲಿ ಒಳಗೆ ಸರಾಸರಿ ಎಷ್ಟು ಜನ ಇರುತ್ತಾರೆ ಅನ್ನುವುದು ಸಿಗುತ್ತದೆ. ಅಂಗಡಿಗೂ ಸರಿ, ಬ್ಯಾಂಕಿಗೂ ಸರಿ, ಆಸ್ಪತ್ರೆಗೂ ಸರಿ. ನಾವು ಗುಣಿಸಿದೆವು. 40 ಇಂಟು ಒಂದೂವರೆ, 60. ಬೆಂಚೂ 60 ಜನಕ್ಕೆ. ಇಬ್ಬರು ಡಾಕ್ಟರು ಸೇರಿ ಗಂಟೆಗೆ 50 ಜನರನ್ನು ನೋಡಬಲ್ಲರು, ಬರುವವರು 40. ಹಾಳೆಯ ಮೇಲೆ ಎಲ್ಲವೂ ಸರಿಯಾಗಿತ್ತು. ತರಗತಿಯ ಅರ್ಧ ಜನ ‘ಇನ್ನೊಬ್ಬ ಡಾಕ್ಟರ್ ಬೇಕು’ ಅಂದರು, ಉಳಿದವರು ‘ಟೋಕನ್ ಆ್ಯಪ್ ಮಾಡಿಸಬೇಕು’ ಅಂದರು.

ಆಗ ನರ್ಸ್ ಎದ್ದು ನಿಂತರು.

"ಸರ್, ನಮ್ಮಲ್ಲಿ ಪೇಷಂಟ್ ಒಬ್ಬರ ಬರೂದಿಲ್ಲರಿ. ಜೋಡಿ ಇಬ್ಬರು ಇರ್ತಾರ. ಅವರು ಈ ಲೆಕ್ಕದಾಗ ಎಲ್ಲಿ ಅದಾರ?"

ತರಗತಿ ಗಪ್ಪಾಯಿತು. 60 ರೋಗಿಗಳು, ಒಬ್ಬೊಬ್ಬರ ಜೊತೆ ಇಬ್ಬರು. ಅಲ್ಲಿಗೆ 180 ಜನ. ಬೆಂಚು ಮಾತ್ರ 60 ಜನಕ್ಕೆ. ಅವರು ಅಷ್ಟಕ್ಕೇ ಬಿಡಲಿಲ್ಲ. "ಮತ್ತ ಡಾಕ್ಟರ್ ಹತ್ರ ಒಂದ ಸಲ ಹೋದ್ರ ಮುಗೀತು ಅಂತಿಲ್ಲರಿ. ರಕ್ತ ಪರೀಕ್ಷಾ ಮಾಡಿಸಿ, ರಿಪೋರ್ಟ್ ಹಿಡಕೊಂಡು ತಿರುಗಿ ಅದ ಪಾಳಿಗೆ ನಿಂದರ್ತಾರ."

ಈ ಎರಡನೇ ಮಾತೇ ದೊಡ್ಡದು. ಬಂದವರಲ್ಲಿ ಅರ್ಧ ಜನ ಡಾಕ್ಟರ ಬಾಗಿಲಿಗೆ ಎರಡು ಸಲ ಬರುತ್ತಾರೆ ಅಂದುಕೊಳ್ಳಿ. ಆಗ ಗಂಟೆಗೆ 40 ಅಲ್ಲ, 60 ಸಲ ಬಾಗಿಲು ತೆರೆಯಬೇಕು. ಡಾಕ್ಟರುಗಳ ಕೈಲಾಗುವುದು 50. ಪ್ರತಿ ಗಂಟೆ 10 ಜನ ಬಾಕಿ ಉಳಿಯುತ್ತಾ ಹೋಗುತ್ತಾರೆ. ಲೆಕ್ಕ ಸ್ಥೂಲವಾದದ್ದೇ, ಆದರೆ ಮಧ್ಯಾಹ್ನದ ಹೊತ್ತಿಗೆ ಕಾರಿಡಾರ್ ಯಾಕೆ ತುಂಬಿರುತ್ತದೆ ಅನ್ನುವುದು ತಿಳಿಯಲು ಇಷ್ಟು ಸಾಕು. ಸೂತ್ರ ತಪ್ಪಾಗಿರಲಿಲ್ಲ. ‘ಬರುವವರು’ ಅಂದರೆ ಯಾರು ಅನ್ನುವುದನ್ನು ನಾವು ತಪ್ಪಾಗಿ ಎಣಿಸಿದ್ದೆವು. ರಿಜಿಸ್ಟರಿನಲ್ಲಿ ಒಬ್ಬ ರೋಗಿಗೆ ಒಂದೇ ಸಾಲು. ಅದನ್ನು ನೋಡಿ ಕೇಸ್ ಬರೆದವರಿಗೆ ಎರಡನೇ ಪಾಳಿ ಕಾಣಲಿಲ್ಲ. ಅದು ಗೊತ್ತಿದ್ದದ್ದು ದಿನಾ ಆ ಬಾಗಿಲ ಹತ್ತಿರ ನಿಂತು ಹೆಸರು ಕೂಗುವವರಿಗೆ.

ಹಿಂದಿನ ಬೆಂಚಿನಿಂದ ಡಿಪೋದವರು ಮಾತಾಡಿದರು. "ಸಿಸ್ಟರ್, ನಿಮ್ಮಲ್ಲಿ ಮುಂಜಾನೆ ಎಂಟಕ್ಕ ಒಮ್ಮೆಲೇ ಮಂದಿ ತುಂಬ್ತದಲ್ರೀ? ಅದು ನಮ್ಮ ವಸ್ತಿ ಬಸ್ಸಿನ ಮಂದಿ." ರಾತ್ರಿ ಹಳ್ಳಿಯಲ್ಲೇ ತಂಗಿ ಬೆಳಗ್ಗೆ ಮೊದಲ ಟ್ರಿಪ್ ಹೊರಡುವ ಬಸ್ಸಿಗೆ ನಮ್ಮ ಕಡೆ ವಸ್ತಿ ಬಸ್ಸು ಎನ್ನುತ್ತಾರೆ. ಸುತ್ತಲಿನ ಹಳ್ಳಿಗಳಿಂದ ಇಂಥ ಆರೇಳು ಬಸ್ಸು ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಊರಿಗೆ ಬರುತ್ತವೆ. ಅದು ತಪ್ಪಿದರೆ ಮುಂದಿನದು ಹತ್ತೂವರೆಗೆ. ಮಧ್ಯಾಹ್ನ ವಾಪಸ್ ಹೋಗುವ ಬಸ್ ತಪ್ಪಿದರೆ ಸಂಜೆವರೆಗೂ ಕಾಯಬೇಕು. ಹಾಗಿದ್ದ ಮೇಲೆ ಆ್ಯಪ್‌ನಲ್ಲಿ ಹನ್ನೊಂದು ಗಂಟೆಯ ಟೋಕನ್ ಕೊಟ್ಟರೆ ಯಾರಿಗೆ ಉಪಯೋಗ? ಜನ ಎಂಟಕ್ಕೇ ಬರುತ್ತಾರೆ, ಬಂದು ಅಲ್ಲೇ ಕೂರುತ್ತಾರೆ. ಆಸ್ಪತ್ರೆಯ ಪಾಳಿ ಶುರುವಾಗುತ್ತಿದ್ದದ್ದು ಬಸ್ಸಿನ ವೇಳಾಪಟ್ಟಿಯಲ್ಲಿ.

ಆಮೇಲೆ ಹಾಲು ಒಕ್ಕೂಟದವರು. "ನಮ್ಮಲ್ಲಿ ಹಾಲು ಇಳಿಸೂಕಿಂತ ಮೊದಲ ಸ್ಯಾಂಪಲ್ ತೆಗೀತೀವ್ರಿ. ಟ್ಯಾಂಕರ್ ಪಾಳ್ಯಾಗ ನಿಂತಾಗನ ಟೆಸ್ಟ್ ಆಗಿರ್ತದ. ಗಾಡಿ ಮುಂದ ಬರೂದ್ರಾಗ ರಿಪೋರ್ಟ್ ಕೈಯಾಗ ಇರ್ತದ. ನೀವ್ಯಾಕ ಹಂಗ ಮಾಡಬಾರದು?"

ನರ್ಸ್ ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಹೇಳಿದರು: ಶುಗರ್ ಇರುವವರು ಪ್ರತಿ ತಿಂಗಳು ಬರುತ್ತಾರೆ, ಯಾವ ಟೆಸ್ಟ್ ಬೇಕು ಅಂತ ಮೊದಲೇ ಗೊತ್ತಿರುತ್ತದೆ. ಬೆಳಗಿನ ಬಸ್ಸಿಗೆ ಬರುವವರು ಹೇಗೂ ಖಾಲಿ ಹೊಟ್ಟೆಯಲ್ಲಿ ಬಂದಿರುತ್ತಾರೆ. ಖಾಲಿ ಹೊಟ್ಟೆಯ ಶುಗರ್ ಟೆಸ್ಟಿಗೆ ಅದೇ ಬೇಕಾದದ್ದು. ಡಾಕ್ಟರ್ ಒಂಬತ್ತಕ್ಕೆ ಬರುವುದರೊಳಗೆ ರಕ್ತ ತೆಗೆದಿಟ್ಟರೆ ಅವರು ಎರಡನೇ ಸಲ ಪಾಳಿಗೆ ನಿಲ್ಲಬೇಕಾಗಿಲ್ಲ.

ಒಂದೇ ಒಂದು ಬದಲಾವಣೆ. ಹೊಸ ಡಾಕ್ಟರ್ ಬೇಡ, ಆ್ಯಪ್ ಬೇಡ. ಬಾಗಿಲಿಗೆ ಬರುವವರ ಸಂಖ್ಯೆ 60ರಿಂದ 40ರ ಕಡೆಗೆ ಇಳಿಯುತ್ತದೆ. ಆ 50 ನಿಮಿಷದಲ್ಲಿ ನನಗೆ ತಿಳಿದ ವಿಷಯ ಮುಂದಿನ ಎರಡು ವರ್ಷ ನನ್ನ ಜೊತೆ ಇತ್ತು. ಬೇರೆ ಬೇರೆ ಕೆಲಸ ಮಾಡಿದವರು ಒಂದೇ ತರಗತಿಯಲ್ಲಿ ಕೂತರೆ ಏನು ಲಾಭ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಕಥೆ. ಆದರೆ ಕಥೆ ಹೇಳಿದರೆ ಸಾಲದು. ಅವತ್ತು ಅಲ್ಲಿ ಏನು ನಡೆಯಿತು, ಯಾಕೆ ನಡೆಯಿತು, ಎಷ್ಟೋ ತರಗತಿಗಳಲ್ಲಿ ಅದು ಯಾಕೆ ನಡೆಯುವುದಿಲ್ಲ ಅನ್ನುವುದನ್ನೂ ನೋಡಬೇಕು.

ಕೇಸ್ ಇಟ್ಟುಕೊಂಡು ಪಾಠ ಮಾಡುವ ಪದ್ಧತಿ ಹುಟ್ಟಿದ್ದು ಕಾನೂನು ಶಾಲೆಯಲ್ಲಿ. 1870ರಲ್ಲಿ ಹಾರ್ವರ್ಡ್ ಕಾನೂನು ಶಾಲೆಯ ಡೀನ್ ಆದ ಕ್ರಿಸ್ಟೋಫರ್ ಲ್ಯಾಂಗ್ಡೆಲ್, ಉಪನ್ಯಾಸ ಕೊಡುವ ಬದಲು ನಿಜವಾದ ತೀರ್ಪುಗಳನ್ನು ಮುಂದಿಟ್ಟು ವಿದ್ಯಾರ್ಥಿಗಳನ್ನು ಪ್ರಶ್ನೆ ಕೇಳತೊಡಗಿದರು. 1908ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಶುರುವಾದಾಗ ವ್ಯಾಪಾರಕ್ಕೆ ಹಾಗೆ ತೀರ್ಪುಗಳ ಪುಸ್ತಕ ಇರಲಿಲ್ಲ. ಮೊದಮೊದಲು ವ್ಯಾಪಾರಸ್ಥರನ್ನೇ ತರಗತಿಗೆ ಕರೆಸಿ ಅವರ ಸಮಸ್ಯೆ ಹೇಳಿಸುತ್ತಿದ್ದರು. 1919ರಲ್ಲಿ ಡೀನ್ ಆದ ವ್ಯಾಲೇಸ್ ಡೊನ್ಹಮ್ ಕಾನೂನು ಓದಿ ಬ್ಯಾಂಕಿನಲ್ಲಿ ಕೆಲಸ ಮಾಡಿ ಬಂದವರು. ಕೇಸುಗಳನ್ನು ಬರೆಸುವ ಕೆಲಸವನ್ನು ದೊಡ್ಡದಾಗಿ ಹಚ್ಚಿದವರು ಅವರು. ಒಂದು ವೃತ್ತಿಯಲ್ಲಿ ಕಲಿತದ್ದನ್ನು ಇನ್ನೊಂದರ ಪಾಠಕ್ಕೆ ತಂದವರು ಅಂತಲೇ ನನಗೆ ಅವರ ಬಗ್ಗೆ ಕುತೂಹಲ. 1961ರಲ್ಲಿ ಅಹಮದಾಬಾದಿನ ಐಐಎಂ ಶುರುವಾದಾಗ ಹಾರ್ವರ್ಡ್ ಜೊತೆ ಒಪ್ಪಂದ ಇತ್ತು. ಅದರ ಹಿಂದೆ ವಿಕ್ರಮ್ ಸಾರಾಭಾಯಿ ಇದ್ದರು. ಹಾಗೆ ಕೇಸ್ ಪದ್ಧತಿ ಇಲ್ಲಿಗೆ ಬಂತು. ಬೆಂಗಳೂರಿನ ಐಐಎಂ 1973ರದ್ದು.

ಈ ಪದ್ಧತಿಯಲ್ಲಿ ಒಂದು ನಂಬಿಕೆ ಅಡಗಿದೆ. ಮೇಷ್ಟ್ರ ಹತ್ತಿರ ಇಲ್ಲದ ತಿಳಿವಳಿಕೆ ತರಗತಿಯಲ್ಲಿ ಕೂತವರ ಹತ್ತಿರ ಇರುತ್ತದೆ ಅನ್ನುವುದು. ಎಲ್ಲರೂ 21 ವರ್ಷದವರೇ, ಎಲ್ಲರೂ ಎಂಜಿನಿಯರಿಂಗ್ ಮುಗಿಸಿ ನೇರ ಬಂದವರೇ ಆದರೆ ಆ ನಂಬಿಕೆಗೆ ಆಧಾರ ಕಡಿಮೆ. ಅವರು ಬುದ್ಧಿವಂತರಲ್ಲ ಅಂತಲ್ಲ. ಅವರಿಗೆಲ್ಲ ಗೊತ್ತಿರುವುದು ಹೆಚ್ಚು ಕಡಿಮೆ ಒಂದೇ.

ಅನುಭವ ಅಂದರೆ ಏನು ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡೋಣ. ‘ಹತ್ತು ವರ್ಷ ಸರ್ವಿಸ್’ ಅನ್ನುವುದು ಬರೀ ಕಾಲದ ಲೆಕ್ಕ. ಆ ಹತ್ತು ವರ್ಷ ಕಣ್ಣಿಗೆ ಏನು ಮಾಡಿದೆ ಅನ್ನುವುದು ಮುಖ್ಯ. 1981ರಲ್ಲಿ ಮಿಶೆಲಿನ್ ಚಿ ಎಂಬ ಮನೋವಿಜ್ಞಾನಿ ಮತ್ತು ಅವರ ಜೊತೆಗಾರರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಭೌತಶಾಸ್ತ್ರದ ಲೆಕ್ಕಗಳನ್ನು ಕಾರ್ಡುಗಳ ಮೇಲೆ ಬರೆದು, ಒಂದೇ ಥರದವನ್ನು ಒಟ್ಟಿಗೆ ಇಡಿ ಅಂದರು. ಹೊಸದಾಗಿ ಕಲಿಯುತ್ತಿದ್ದ ವಿದ್ಯಾರ್ಥಿಗಳು ಇಳಿಜಾರು ಹಲಗೆ ಇರುವ ಲೆಕ್ಕಗಳನ್ನು ಒಂದು ಕಡೆ, ಸ್ಪ್ರಿಂಗ್ ಇರುವವನ್ನು ಒಂದು ಕಡೆ ಇಟ್ಟರು. ಆ ವಿಷಯದಲ್ಲಿ ಪಳಗಿದ ಪಿಎಚ್‌ಡಿ ವಿದ್ಯಾರ್ಥಿಗಳು ಬೇರೆ ರೀತಿ ಇಟ್ಟರು. ಶಕ್ತಿಯ ಸಂರಕ್ಷಣೆಯಿಂದ ಬಿಡಿಸುವಂಥವು ಇಲ್ಲಿ, ನ್ಯೂಟನ್ನನ ಎರಡನೇ ನಿಯಮದಿಂದ ಬಿಡಿಸುವಂಥವು ಅಲ್ಲಿ. ಹಲಗೆ, ಸ್ಪ್ರಿಂಗು ಅವರ ಕಣ್ಣಿಗೆ ಮುಖ್ಯವಾಗಲಿಲ್ಲ.

ಹಾಲು ಒಕ್ಕೂಟದವರು ಮಾಡಿದ್ದೂ ಅದನ್ನೇ ಅಲ್ವಾ? ಹಾಲಿನ ಟ್ಯಾಂಕರಿಗೂ ಶುಗರ್ ಇರುವ ಅಜ್ಜಿಗೂ ಮೇಲ್ನೋಟಕ್ಕೆ ಏನೂ ಸಂಬಂಧವಿಲ್ಲ. ಆದರೆ ಎರಡೂ ಕಡೆ ಕಾಯುವುದಿದೆ, ಪರೀಕ್ಷೆ ಇದೆ, ಪರೀಕ್ಷೆ ಆಗುವವರೆಗೆ ಮುಂದಿನ ಕೆಲಸ ಆಗುವುದಿಲ್ಲ. ಒಳಗಿನ ಆ ಹೋಲಿಕೆ ಅವರಿಗೆ ಥಟ್ಟನೆ ಕಂಡಿತು. ಬಿಸಿಲಲ್ಲಿ ಟ್ಯಾಂಕರ್ ನಿಂತರೆ ಹಾಲು ಏನಾಗುತ್ತದೆ ಅಂತ ಕಂಡವರು ಅವರು.

ಇದರಲ್ಲಿ ಇನ್ನೊಂದು ಕಷ್ಟವಿದೆ. ಕೆಲಸದಿಂದ ಬಂದ ತಿಳಿವಳಿಕೆ ಬಹಳಷ್ಟು ಸಲ ಮಾತಿಗೆ ಸಿಗುವುದಿಲ್ಲ. ಹಂಗೇರಿಯಲ್ಲಿ ಹುಟ್ಟಿದ ಮೈಕೆಲ್ ಪೊಲಾನಿ ಮೊದಲು ರಸಾಯನ ವಿಜ್ಞಾನಿ, ಆಮೇಲೆ ತತ್ವಶಾಸ್ತ್ರದ ಕಡೆ ಬಂದವರು. ನಮಗೆ ಗೊತ್ತಿರುವುದು ನಾವು ಹೇಳಬಲ್ಲದ್ದಕ್ಕಿಂತ ಯಾವಾಗಲೂ ಜಾಸ್ತಿ ಅನ್ನುವುದು ಅವರ ವಿಚಾರ. ರೊಟ್ಟಿ ಬಡಿಯುವವರನ್ನು ಹಿಟ್ಟಿಗೆ ಎಷ್ಟು ನೀರು ಹಾಕುತ್ತೀರಿ ಅಂತ ಕೇಳಿ ನೋಡಿ. ‘ಕೈಗೆ ಗೊತ್ತಾಗ್ತದ’ ಅನ್ನುತ್ತಾರೆ. ನನ್ನ ಕೆಲಸದಲ್ಲೂ ಹಾಗೇ. ಸಾಲದ ಅರ್ಜಿ ಹಿಡಿದು ಬಂದವರು ಕಂತಿನ ಬಗ್ಗೆ ಮೊದಲು ಕೇಳುತ್ತಾರೋ, ಹಣ ಯಾವಾಗ ಕೈಗೆ ಬರುತ್ತದೆ ಅಂತ ಮೊದಲು ಕೇಳುತ್ತಾರೋ ಅನ್ನುವುದನ್ನು ನಾನು ಗಮನಿಸುತ್ತಿದ್ದೆ. ಗಮನಿಸುತ್ತೇನೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ತರಗತಿಯಲ್ಲಿ ಸಾಫ್ಟ್‌ವೇರಿನ ಗೆಳೆಯರೊಬ್ಬರು ‘ಒಳ್ಳೆ ಸಾಲಗಾರ ಅಂತ ಹೇಗೆ ಗುರುತಿಸ್ತೀರಿ, ಒಂದೊಂದಾಗಿ ಹೇಳಿ’ ಅಂತ ಪಟ್ಟು ಹಿಡಿದಾಗ ಅದು ಬಾಯಿಗೆ ಬಂತು. ಬಾಯಿಗೆ ಬಂದ ಮೇಲೆ ಅದು ಸರಿಯೋ ತಪ್ಪೋ ಅಂತ ಹಳೇ ಫೈಲು ತೆಗೆದು ನೋಡಲು ಸಾಧ್ಯವಾಯಿತು. ನಮ್ಮದೇ ಕೆಲಸದವರ ಮಧ್ಯೆ ಕೂತಿದ್ದರೆ ಆ ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲ. ಎಲ್ಲರಿಗೂ ಅದು ಗೊತ್ತು, ಅದಕ್ಕೇ ಯಾರೂ ಹೇಳುವುದಿಲ್ಲ. ಕೆಲಸ ಮಾಡಿದವರು ಮತ್ತೆ ಓದಲು ಯಾಕೆ ಬರಬೇಕು ಅಂತ ಕೇಳುವವರಿಗೆ ನನ್ನ ಉತ್ತರ ಇದೇ.

ಹಾಗಂತ ಅನುಭವ ಇದ್ದರೆ ಎಲ್ಲ ಆಯಿತು ಅನ್ನುವಂತಿಲ್ಲ. ಅನುಭವ ಕಣ್ಣು ತೆರೆಸುವ ಹಾಗೆಯೇ ಕಣ್ಣಿಗೆ ಪಟ್ಟಿಯನ್ನೂ ಕಟ್ಟುತ್ತದೆ. 1942ರಲ್ಲಿ ಅಬ್ರಹಾಂ ಲೂಚಿನ್ಸ್ ಎಂಬ ಮನೋವಿಜ್ಞಾನಿ ಪ್ರಕಟಿಸಿದ ಒಂದು ಪ್ರಯೋಗ ಇದನ್ನು ಬಹಳ ಚೆನ್ನಾಗಿ ತೋರಿಸುತ್ತದೆ. ನಿಮ್ಮ ಮುಂದೆ ಮೂರು ಪಾತ್ರೆಗಳಿವೆ. 21, 127 ಮತ್ತು 3 ಅಳತೆಯವು. ನಿಮಗೆ 100 ಅಳತೆ ನೀರು ಬೇಕು. ದೊಡ್ಡದನ್ನು ತುಂಬಿ, ಅದರಿಂದ 21ರ ಪಾತ್ರೆಗೆ ಒಮ್ಮೆ ಸುರಿದು, 3ರ ಪಾತ್ರೆಗೆ ಎರಡು ಸಲ ಸುರಿದರೆ 100 ಉಳಿಯುತ್ತದೆ. ಇದೇ ಥರದ ಲೆಕ್ಕಗಳನ್ನು ಒಂದಾದ ಮೇಲೆ ಒಂದು ಕೊಟ್ಟರು. ಆಮೇಲೆ ಪಾತ್ರೆಗಳು 23, 49, 3. ಬೇಕಾದದ್ದು 20. ಬಹಳ ಜನ ಮತ್ತೆ 49ನ್ನು ತುಂಬಿ, 23 ತೆಗೆದು, ಎರಡು ಸಲ 3 ತೆಗೆದರು. 23ರಿಂದ 3 ತೆಗೆದರೆ ಮುಗಿಯಿತು ಅನ್ನುವುದು ಅವರಿಗೆ ಹೊಳೆಯಲೇ ಇಲ್ಲ. ಹಿಂದಿನ ಲೆಕ್ಕಗಳನ್ನು ಮಾಡದೆ ನೇರ ಬಂದವರಿಗೆ ಅದು ಸುಲಭವಾಗಿ ಹೊಳೆಯಿತು.

ನನಗೂ ಹಾಗೇ ಆಗಿತ್ತು. ಒಂದು ಸಣ್ಣ ಗಾರ್ಮೆಂಟ್ ಘಟಕವನ್ನು ದೊಡ್ಡದು ಮಾಡಬೇಕೇ ಬೇಡವೇ ಅನ್ನುವ ಕೇಸಿನಲ್ಲಿ ನಾನು ಅರ್ಧ ಗಂಟೆ ಭದ್ರತೆಯ ಬಗ್ಗೆಯೇ ಮಾತಾಡಿದೆ. ಜಾಗ ಯಾರ ಹೆಸರಲ್ಲಿದೆ, ಮಿಷನ್ನುಗಳ ಮೇಲೆ ಎಷ್ಟು ಸಾಲ ಕೊಡಬಹುದು, ಇದೇ. ಹೊಲಿಗೆ ಘಟಕ ನಡೆಸುತ್ತಿದ್ದ ಸಹಪಾಠಿಯೊಬ್ಬರು ಕೇಳಿದರು: "ಮಿಷನ್ ಇಡ್ರಿ, ದಸರಾ ಮುಂದ ಹೊಲಿಯಾಕ ಯಾರು ಬರ್ತಾರ?" ಹಬ್ಬದ ಮುಂಚೆ ಕೈ ಪಳಗಿದ ಹೊಲಿಗೆಯವರನ್ನು ಎಲ್ಲರೂ ತಮ್ಮ ಕಡೆ ಎಳೆದುಕೊಳ್ಳುತ್ತಾರೆ. ಇಪ್ಪತ್ತು ಮಿಷನ್ ಹಾಕಿ ಹನ್ನೆರಡು ಜನ ಸಿಕ್ಕರೆ ಕಂತು ಕಟ್ಟುವುದು ಹೇಗೆ? ನಾನು ಏಳು ವರ್ಷ ಇಂಥ ಸಾಲಗಳ ಫೈಲು ನೋಡಿದ್ದೆ. ಒಂದು ಫಾರ್ಮಿನಲ್ಲೂ ಆ ಪ್ರಶ್ನೆಗೆ ಜಾಗ ಇರಲಿಲ್ಲ, ನನ್ನ ತಲೆಯಲ್ಲೂ ಇರಲಿಲ್ಲ. ಒಬ್ಬರ ಕಣ್ಣಿಗೆ ಕಟ್ಟಿದ ಪಟ್ಟಿಯನ್ನು ಬಿಚ್ಚಲು ಬೇರೆ ಕೆಲಸದವರೇ ಬೇಕು. ಅದಕ್ಕೇ ‘ಅನುಭವ’ ಅನ್ನುವ ಪದಕ್ಕಿಂತ ‘ಬೇರೆ ಬೇರೆ ಅನುಭವ’ ಅನ್ನುವುದು ನನಗೆ ಮುಖ್ಯ. ಮೂವತ್ತು ಜನ ಬ್ಯಾಂಕಿನವರೇ ತುಂಬಿದ ತರಗತಿಯಲ್ಲಿ ಅನುಭವದ ವರ್ಷ ಕೂಡಿಸಿದರೆ ಮುನ್ನೂರು ದಾಟಬಹುದು. ಪಟ್ಟಿ ಮಾತ್ರ ಎಲ್ಲರಿಗೂ ಒಂದೇ.

ಈಗ ನನಗೆ ಬಹಳ ಹತ್ತಿರವಾದ ವಿಷಯ. ಬೇರೆ ಬೇರೆ ಕೆಲಸದವರನ್ನು ಒಂದು ಕೋಣೆಯಲ್ಲಿ ಕೂರಿಸಿದ ಮಾತ್ರಕ್ಕೆ ಏನೂ ಆಗುವುದಿಲ್ಲ. 1985ರಲ್ಲಿ ಗ್ಯಾರಲ್ಡ್ ಸ್ಟ್ಯಾಸರ್ ಮತ್ತು ವಿಲಿಯಂ ಟೈಟಸ್ ಪ್ರಕಟಿಸಿದ ಪ್ರಯೋಗ ಇದಕ್ಕೆ ಸಾಕ್ಷಿ. ನಾಲ್ಕು ನಾಲ್ಕು ವಿದ್ಯಾರ್ಥಿಗಳ ಗುಂಪು ಮಾಡಿ, ವಿದ್ಯಾರ್ಥಿ ಸಂಘದ ಅಧ್ಯಕ್ಷ ಸ್ಥಾನಕ್ಕೆ ಮೂವರಲ್ಲಿ ಯಾರು ಯೋಗ್ಯರು ಅಂತ ಆರಿಸಿ ಅಂದರು. ಎಲ್ಲ ಮಾಹಿತಿಯನ್ನೂ ಎಲ್ಲರಿಗೂ ಕೊಟ್ಟಾಗ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಗುಂಪುಗಳು ಸರಿಯಾದ ಅಭ್ಯರ್ಥಿಯನ್ನು ಆರಿಸಿದವು. ಅದೇ ಮಾಹಿತಿಯನ್ನು ಹಂಚಿ, ಕೆಲವನ್ನು ಒಬ್ಬೊಬ್ಬರಿಗೆ ಮಾತ್ರ ಕೊಟ್ಟಾಗ, ಸರಿಯಾಗಿ ಆರಿಸಿದ ಗುಂಪುಗಳು ಕಾಲು ಭಾಗಕ್ಕಿಂತ ಕಡಿಮೆ. ನಾಲ್ವರ ಮಾಹಿತಿ ಸೇರಿಸಿದರೆ ಪೂರ್ತಿ ಚಿತ್ರ ಮೇಜಿನ ಮೇಲೆ ಇತ್ತು. ಆದರೆ ಜನ ಎಲ್ಲರಿಗೂ ಗೊತ್ತಿರುವುದನ್ನೇ ಮತ್ತೆ ಮತ್ತೆ ಮಾತಾಡಿದರು. ಒಬ್ಬರಿಗೆ ಮಾತ್ರ ಗೊತ್ತಿದ್ದದ್ದು ಅವರ ಹತ್ತಿರವೇ ಉಳಿಯಿತು. ಹೇಳಿದರೂ ಯಾರೂ ಹಿಡಿದುಕೊಳ್ಳಲಿಲ್ಲ.

ನಮ್ಮ ನರ್ಸ್ ಮೊದಲ ಸೆಮಿಸ್ಟರ್ ಪೂರ್ತಿ ಒಂದು ಮಾತೂ ಆಡಿರಲಿಲ್ಲ. ತರಗತಿ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಬಾಯಿ ಬಿಡುತ್ತಿದ್ದವರು ಇಂಗ್ಲಿಷ್ ಸರಾಗವಾಗಿ ಬರುತ್ತಿದ್ದ ಏಳೆಂಟು ಜನ. ಹದಿನಾಲ್ಕು ವರ್ಷ ವಾರ್ಡುಗಳಲ್ಲಿ ಓಡಾಡಿದವರು ಕೊನೇ ಬೆಂಚಿನಲ್ಲಿ ನೋಟ್ಸ್ ಬರೆದುಕೊಳ್ಳುತ್ತಿದ್ದರು. ಎರಡನೇ ಸೆಮಿಸ್ಟರಿಗೆ ಬಂದ ಮೇಷ್ಟ್ರು ಮೊದಲ ದಿನವೇ ಎರಡು ಕೆಲಸ ಮಾಡಿದರು. ಯಾವ ಭಾಷೆಯಲ್ಲಿ ಬೇಕಾದರೂ ಮಾತಾಡಿ, ಬೋರ್ಡಿನ ಮೇಲೆ ನಾನು ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತೇನೆ ಅಂದರು. ಮತ್ತೆ, ಚರ್ಚೆಗೆ ಮುಂಚೆ ಐದು ನಿಮಿಷ ಎಲ್ಲರೂ ಸುಮ್ಮನೆ ಕೂತು ಒಂದು ಚೀಟಿ ಬರೆಯಬೇಕು: ‘ಈ ಕೇಸಿನಲ್ಲಿ ಬರೆದಿಲ್ಲದ, ನನ್ನ ಕೆಲಸದಿಂದ ನನಗೆ ಗೊತ್ತಿರುವ ಒಂದು ಸಂಗತಿ.’ ಚೀಟಿಗಳನ್ನು ಅವರು ಓದಿಕೊಂಡು, ಯಾರನ್ನು ಮೊದಲು ಮಾತಾಡಿಸಬೇಕು ಅಂತ ನಿರ್ಧರಿಸುತ್ತಿದ್ದರು. ಆಸ್ಪತ್ರೆಯ ಕೇಸಿನ ದಿನ ನರ್ಸ್ ತಾವಾಗಿ ಎದ್ದು ನಿಂತರು ಅಂತ ನಾನು ಮೇಲೆ ಬರೆದೆ. ನಿಜಕ್ಕೂ ಅವರು ಎದ್ದದ್ದು ಮೇಷ್ಟ್ರು ಅವರ ಚೀಟಿ ನೋಡಿ ‘ಇದನ್ನು ನೀವೇ ಹೇಳಿ’ ಅಂದ ಮೇಲೆ.

ಐದು ನಿಮಿಷ ಮತ್ತು ಒಂದು ಚೀಟಿ. ಖರ್ಚಿಲ್ಲದ ಈ ಕೆಲಸವನ್ನು ನಮ್ಮ ಎಷ್ಟು ಕಾಲೇಜುಗಳಲ್ಲಿ ಮಾಡುತ್ತಾರೆ? ಕೆಲಸ ಮಾಡಿ ಬಂದವರ ತಿಳಿವಳಿಕೆ ಇಂಗ್ಲಿಷಿನ ಹೊಸ್ತಿಲಲ್ಲೇ ನಿಂತುಬಿಡುವುದು ನನಗೆ ನೋವಿನ ಸಂಗತಿ. ಬೆಂಗಳೂರಿನಿಂದ ಆಚೆ, ಜಿಲ್ಲಾ ಕೇಂದ್ರಗಳಲ್ಲಿ ಸಂಜೆ ತರಗತಿಗೆ ಬರುವ ಗ್ರಾಮ ಪಂಚಾಯ್ತಿ ನೌಕರರು, ಶಿಕ್ಷಕರು, ಲ್ಯಾಬ್ ಟೆಕ್ನಿಷಿಯನ್ನರು, ಸಣ್ಣ ವ್ಯಾಪಾರಿಗಳು ಎಷ್ಟೊಂದು ತಿಳಿವಳಿಕೆಯನ್ನು ಹೊತ್ತುಕೊಂಡು ಬಂದಿರುತ್ತಾರೆ! ಹಾಜರಾತಿ ಹಾಕಿಸಿಕೊಂಡು, ಪರೀಕ್ಷೆ ಬರೆದು, ಅದನ್ನೆಲ್ಲ ಹಾಗೇ ಹೊತ್ತುಕೊಂಡು ವಾಪಸ್ ಹೋಗುತ್ತಾರೆ.

ನಿಯಮಗಳ ಕಡೆ ನೋಡಿದರೆ ಬಾಗಿಲು ಸ್ವಲ್ಪ ಸ್ವಲ್ಪ ತೆರೆಯುತ್ತಿದೆ. 2001ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಐಎಸ್‌ಬಿ (ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್), ಕೆಲಸ ಮಾಡಿ ಬಂದವರಿಗಾಗಿಯೇ ಒಂದು ವರ್ಷದ ಕೋರ್ಸ್ ಕಟ್ಟಿತು. ಐಐಎಂಗಳಲ್ಲೂ ಅನುಭವ ಇರುವವರಿಗೆ ಒಂದು ವರ್ಷದ ಕೋರ್ಸುಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನಾ ಸಂಸ್ಥೆಗಳಲ್ಲಿ ಕೆಲಸ ಮಾಡುತ್ತಿರುವವರು ಕೆಲಸ ಬಿಡದೆ ಪಿಎಚ್‌ಡಿ ಮಾಡುವ ದಾರಿ ಇದೆ. ವೈದ್ಯಕೀಯದಲ್ಲಿ, ಸರ್ಕಾರಿ ಸೇವೆಯಲ್ಲಿರುವ ವೈದ್ಯರಿಗೆ ಸ್ನಾತಕೋತ್ತರ ಸೀಟುಗಳಲ್ಲಿ ರಾಜ್ಯಗಳು ಪ್ರತ್ಯೇಕ ಪಾಲು ಕೊಡಬಹುದು ಅಂತ 2020ರಲ್ಲಿ ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ ಹೇಳಿತು. ಪಾಠ ಮಾಡುವವರ ಕಡೆಯಿಂದಲೂ ಒಂದು ಬದಲಾವಣೆ ಬಂದಿದೆ. 2022ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಅನ್ನುವ ಹುದ್ದೆಗೆ ಅವಕಾಶ ಕೊಟ್ಟಿತು. ತಮ್ಮ ಕ್ಷೇತ್ರದಲ್ಲಿ 15 ವರ್ಷ ಕೆಲಸ ಮಾಡಿ ಹೆಸರು ಮಾಡಿದವರು ಪಿಎಚ್‌ಡಿ ಇಲ್ಲದೆಯೂ ಪಾಠ ಮಾಡಬಹುದು. ಮಂಜೂರಾದ ಹುದ್ದೆಗಳ ಶೇ. 10ನ್ನು ಮೀರುವಂತಿಲ್ಲ.

ಮನೆಗಳಲ್ಲಿ ಮಾತ್ರ ಇನ್ನೂ ಹಳೇ ಲೆಕ್ಕವೇ. ಡಿಗ್ರಿ ಮುಗಿದ ತಕ್ಷಣ ಪಿಜಿ ಸೇರಬೇಕು, ಇಲ್ಲದಿದ್ದರೆ ‘ಗ್ಯಾಪ್’ ಬಿತ್ತು ಅನ್ನುತ್ತಾರೆ. ಎರಡು ವರ್ಷ ಕೆಲಸ ಮಾಡಿದ್ದನ್ನು ಗ್ಯಾಪ್ ಅಂತ ಹೇಗೆ ಕರೆಯುತ್ತಾರೋ ನನಗೆ ಅರ್ಥವಾಗುವುದಿಲ್ಲ. ಭಯವೂ ಇದೆ, ಅದು ಸುಳ್ಳಲ್ಲ. ಒಮ್ಮೆ ಸಂಬಳ ಬರಲು ಶುರುವಾದರೆ ಮನೆಯ ಜವಾಬ್ದಾರಿ, ಇಎಂಐ, ಮದುವೆ, ಮಕ್ಕಳು ಅಂತ ಓದು ಹಿಂದೆ ಬೀಳುತ್ತದೆ. ಹೆಣ್ಣುಮಕ್ಕಳಿಗಂತೂ ಮತ್ತೆ ತರಗತಿಗೆ ಬರುವುದು ದುಪ್ಪಟ್ಟು ಕಷ್ಟ. ನಮ್ಮ ನರ್ಸ್ ರಾತ್ರಿ ಪಾಳಿ ಮುಗಿಸಿ, ಮನೆಗೆ ಹೋಗಿ ಅಡುಗೆ ಮಾಡಿಟ್ಟು ಭಾನುವಾರದ ತರಗತಿಗೆ ಬರುತ್ತಿದ್ದರು. ಕೆಲಸ ಮಾಡಿದವರು ಬೇಕು ಅನ್ನುವ ಕಾಲೇಜುಗಳು ಶುಲ್ಕವನ್ನು ಕಂತಿನಲ್ಲಿ ತಗೊಳ್ಳಬೇಕು, ತರಗತಿಯ ವೇಳೆಯನ್ನು ಅವರ ಡ್ಯೂಟಿ ನೋಡಿ ಇಡಬೇಕು.

ಹೊಸಬರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಕೆಲಸದ ಅನುಭವ ಇಲ್ಲದವರು ಇಂಥ ತರಗತಿಯಲ್ಲಿ ಬರೀ ಕೇಳಿಸಿಕೊಳ್ಳುವವರಲ್ಲ. ಆಸ್ಪತ್ರೆಯ ಕೇಸಿನ ದಿನ ರಕ್ತ ಮೊದಲು ತೆಗೆಯುವ ವಿಚಾರಕ್ಕೆ ನಾವೆಲ್ಲ ತಲೆ ಆಡಿಸುತ್ತಿದ್ದಾಗ ಬಿ.ಕಾಂ. ಮುಗಿಸಿ ಬಂದ ಹುಡುಗಿಯೊಬ್ಬಳು ಕೇಳಿದಳು: "ಅಕ್ಕಾರ, ಅವರು ತಿಂಗಳಾ ತಿಂಗಳಾ ಇಲ್ಲಿ ತನಕ ಯಾಕ ಬರಬೇಕ್ರೀ? ಎರಡು ತಿಂಗಳ ಗುಳಿಗಿ ಒಮ್ಮೆ ಕೊಟ್ರ ಆಗೂದಿಲ್ಲೇನು?" ನರ್ಸ್ ಉತ್ತರ ಕೊಡಲು ಬಾಯಿ ತೆರೆದು ನಿಲ್ಲಿಸಿದರು. ತಿಂಗಳಿಗೊಮ್ಮೆ ಕೊಡುವುದು ಮೊದಲಿನಿಂದ ನಡೆದು ಬಂದದ್ದು. ಎಲ್ಲರಿಗೂ ಹಾಗೇ ಯಾಕೆ ಅಂತ ಅವರು ಯಾರನ್ನೂ ಕೇಳಿರಲಿಲ್ಲ. ಲೂಚಿನ್ಸ್ ಪ್ರಯೋಗದಲ್ಲಿ ಹಿಂದಿನ ಲೆಕ್ಕ ಮಾಡದೆ ಬಂದವರಿಗೆ 23ರಿಂದ 3 ತೆಗೆಯುವುದು ಹೊಳೆದ ಹಾಗೆ, ಈ ಹುಡುಗಿಗೆ ಅದು ಹೊಳೆಯಿತು. ನರ್ಸ್ ಆ ಪ್ರಶ್ನೆಯನ್ನು ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದುಕೊಂಡದ್ದನ್ನು ನಾನು ನೋಡಿದೆ.

ಮುಂದಿನ ತಿಂಗಳು ಅವರು ಒಂದು ಸುದ್ದಿ ತಂದರು. ರಕ್ತ ಮೊದಲು ತೆಗೆಯುವುದಕ್ಕೆ ಡಾಕ್ಟರು ಒಪ್ಪಿದ್ದರು. ಮಂಗಳವಾರ ಮತ್ತು ಶುಕ್ರವಾರ ಮಾಡಿ ನೋಡೋಣ ಅಂದಿದ್ದರು. ಮೊದಲ ಮಂಗಳವಾರ ಎಂಟಕ್ಕೆ ಜನ ಬಂದರು, ನರ್ಸ್ ಸಿರಿಂಜ್ ಜೋಡಿಸಿಕೊಂಡು ಕೂತರು, ಬಾಟಲಿಗಳ ಮೇಲೆ ಹೆಸರು ಅಂಟಿಸಿದರು. ಆದರೆ ಲ್ಯಾಬಿನ ಬಾಗಿಲಿಗೆ ಬೀಗ. ಟೆಕ್ನಿಷಿಯನ್ನರ ಡ್ಯೂಟಿ ಶುರುವಾಗುವುದು ಒಂಬತ್ತಕ್ಕೆ. ಅದು ನಮ್ಮ ಕೇಸಿನ ಹಾಳೆಯಲ್ಲೂ ಇರಲಿಲ್ಲ, 38 ಜನರ ಯಾವ ಚೀಟಿಯಲ್ಲೂ ಇರಲಿಲ್ಲ.

ಮೇಷ್ಟ್ರು ಅವತ್ತಿನ ಪಾಠವನ್ನು ಪಕ್ಕಕ್ಕಿಟ್ಟರು. ಬೋರ್ಡ್ ಒರೆಸಿ ಮಧ್ಯದಲ್ಲಿ ‘ಎಂಟು’ ಮತ್ತು ‘ಒಂಬತ್ತು’ ಅಂತ ಬರೆದು, ನಡುವೆ ಒಂದು ಗೆರೆ ಎಳೆದರು. ಈ ಒಂದು ಗಂಟೆ ಯಾರ ಕೈಯಲ್ಲಿದೆ ಅಂತ ಕೇಳಿದರು. ಮೂರನೇ ಸಾಲಿನಲ್ಲಿ, ನೂಲಿನ ಗಿರಣಿಯೊಂದರಲ್ಲಿ ಒಂಬತ್ತು ವರ್ಷ ಶಿಫ್ಟ್ ಪಟ್ಟಿ ಹಾಕುತ್ತಿದ್ದವರು ಚೀಟಿ ಬರೆಯುವುದನ್ನು ನಿಲ್ಲಿಸಿ ಕೈ ಎತ್ತಿದರು.